ಗಾಜಿನ ತಂತಿಗೆ ಅಮ್ಮ ಹಾಕಿದ ಗಂಟು

ಲ್ಯಾಂಡ್‌ಲೈನಿನ ತಾಮ್ರದ ತಂತಿ ತೆಗೆದು ಫೈಬರ್ ಎಳೆದ ದಿನ, ಫೈಬರ್ ಅಂದ್ರೆ ಗಾಜು ಅಂತ ನಾನು ಅಮ್ಮನಿಗೆ ಹೇಳಬಾರದಿತ್ತು.

"ಗಾಜಾ? ಮಂಗ ಜೋತಾಡಿದ್ರೆ ಎಂತ ಮಾಡೂದು?"

ತೀರ್ಥಹಳ್ಳಿ ಕಡೆ, ತೋಟದ ನಡುವಿನ ಮನೆ ನಮ್ಮದು. ಪ್ರಶ್ನೆ ನ್ಯಾಯವಾದದ್ದೇ. ಲೈನ್‌ಮನ್ ಜಗುಲಿಯಲ್ಲಿ ಕೂತು ಕೂದಲಿನಂಥ ಎರಡು ಎಳೆಗಳನ್ನು ಪುಟ್ಟ ಮೆಷಿನ್ನಿಗೆ ಇಟ್ಟ. ಎಳೆಯ ದಪ್ಪ 125 ಮೈಕ್ರಾನು, ಅಂದರೆ ಮಿಲಿಮೀಟರಿನ ಎಂಟನೇ ಒಂದು ಪಾಲು. ಅದರೊಳಗೆ ಬೆಳಕು ಓಡುವ ದಾರಿ ಬರೀ 9 ಮೈಕ್ರಾನು. ಚಟ್ ಅಂತ ಕಿಡಿ ಹಾರಿ ಎರಡೂ ತುದಿ ಕರಗಿ ಒಂದಾದವು. ನಾನು ಬೆರಗಾಗಿ ನೋಡ್ತಾ ಇದ್ದೆ. ಅಮ್ಮ ಮಾತ್ರ, "ನಾವು ಚಿಕ್ಕೋರಿದ್ದಾಗ ಬಳೆಚೂರು ದೀಪಕ್ಕೆ ಹಿಡಿದು ಸರ ಮಾಡ್ತಿರ್ಲಿಲ್ವಾ, ಇದೂ ಅದೇ" ಅಂದು ಒಳಗೆ ಹೋದರು.

ಅಮ್ಮ ಎಕ್ಸ್‌ಚೇಂಜುಗಳ ಮೂರು ಕಾಲ ನೋಡಿದವರು. ಮೊದಲನೆಯದು ಕೈಯಲ್ಲೇ ಲೈನ್ ಜೋಡಿಸಿ ಕೊಡುವ ಆಪರೇಟರ್ ಕಾಲ. "ಅವ್ರು ಮನೇಲಿಲ್ಲ, ಈಗಷ್ಟೇ ಸೊಸೈಟಿ ಕಡೆ ಹೋದ್ರು" ಅಂತ ಕಿಟಕಿಯಿಂದ ನೋಡಿಯೇ ಹೇಳುವ ಸೌಲಭ್ಯ ಆಮೇಲೆ ಯಾವ ಮೆಷಿನ್ನಿಗೂ ಬರಲಿಲ್ಲ. ಎರಡನೆಯದು ತಾನೇ ಲೈನ್ ಜೋಡಿಸುವ ಮೆಷಿನ್ ಕಾಲ, ಮೂರನೆಯದು ಈ ಫೈಬರ್. 1986ರಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನವರ ಮೊದಲ ಹಳ್ಳಿ ಎಕ್ಸ್‌ಚೇಂಜ್ ಕಿತ್ತೂರಿನಲ್ಲಿ ಶುರುವಾಯಿತು. 128 ಪೋರ್ಟಿನ (ಲೈನ್ ಸಿಕ್ಕಿಸುವ ಜಾಗದ) ಪೆಟ್ಟಿಗೆ. ಎಸಿ ಬೇಡ, ಸೆಖೆ-ಧೂಳಿಗೆ ಹೆದರುವುದಿಲ್ಲ. ಕೆಲವು ವರ್ಷಗಳಲ್ಲಿ ಅಂಥದ್ದೇ ಒಂದು ನಮ್ಮೂರ ಬಾಡಿಗೆ ಕೋಣೆಗೂ ಬಂತು.

ಆ ತಾಮ್ರದ ಕಾಲದ ಕಥೆಯೊಂದನ್ನು ಹೇಳದೆ ಮುಂದೆ ಹೋಗಲಾರೆ. ಒಂದು ಮಳೆಗಾಲ ಅಪ್ಪ ತುಂಡಾದ ತಂತಿಯನ್ನು ಬರಿಗೈಯಲ್ಲಿ ಹೊಸೀತಾ ಇದ್ದರು. ತಂತಿಯಲ್ಲಿ ಸುಮ್ನೆ ಇರುವುದು 48 ವೋಲ್ಟು, ಗೊತ್ತೂ ಆಗಲ್ಲ. ಆದರೆ ರಿಂಗ್ ಬಂದರೆ 75ರ ಮೇಲೆ ಹೋಗುತ್ತದೆ. ಬಂತು. ಅಪ್ಪ ಹಾರಿ ಕೆಸರಿನಲ್ಲಿ ಕೂತರು. ಮಾಡಿದ್ದು ಸೋದರಮಾವ. "ನಿನ್ನಣ್ಣನ ಫೋನು ಅಂತ ಎತ್ತೋಕೆ ಮುಂಚೇನೇ ಗೊತ್ತಾಯ್ತು" ಅಂತ ಅಪ್ಪ ಅಮ್ಮನಿಗೆ ವರ್ಷಗಟ್ಟಲೆ ಹೇಳಿದರು.

ಆ 48 ವೋಲ್ಟಿನ ಬೆಲೆ ಗೊತ್ತಾದದ್ದು ಫೈಬರ್ ಬಂದ ವಾರದಲ್ಲೇ. ಗುಡುಗಿತು, ಕರೆಂಟು ಹೋಯಿತು. ಅಮ್ಮ ಕತ್ತಲಲ್ಲೇ ತಡವಿ, ಕರೆಂಟ್ ಆಫೀಸಿಗೆ ಬೈಯಲೆಂದು ರಿಸೀವರ್ ಎತ್ತಿದರು. ಸದ್ದೇ ಇಲ್ಲ. ತಾಮ್ರದ ಫೋನಿಗೆ ಕರೆಂಟು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುತ್ತಿತ್ತು. ಗಾಜಿನಲ್ಲಿ ಬೆಳಕು ಬರುತ್ತದೆ, ಕರೆಂಟು ಬರಲ್ಲ. ಆ ಬೆಳಕನ್ನು ಫೋನಿನ ಮಾತಾಗಿಸುವ ಗೋಡೆಯ ಬಿಳಿ ಪೆಟ್ಟಿಗೆಗೆ ನಮ್ಮನೆ ಕರೆಂಟೇ ಬೇಕು.

"ಅಂದ್ರೆ, ಕರೆಂಟ್ ಹೋಗಿದೆ ಅಂತ ಹೇಳೋಕೆ ಕರೆಂಟ್ ಬೇಕಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಬೈಲು ಹಿಡಿದು ತೋಟದ ದಿಬ್ಬ ಹತ್ತಿದೆ. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಮರುದಿನ ಪೆಟ್ಟಿಗೆಯನ್ನು ಇನ್ವರ್ಟರಿಗೆ ಸಿಕ್ಕಿಸಿದೆ.

ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಕರೆಂಟಿದೆ, ಇನ್ವರ್ಟರಿದೆ, ಫೋನಿಲ್ಲ. ಪೆಟ್ಟಿಗೆಯಲ್ಲಿ 'ಎಲ್‌ಓಎಸ್' ಅನ್ನುವ ಕೆಂಪು ದೀಪ ಮಿಣುಕ್ತಾ ಇದೆ. ಬೆಳಕು ಬರ್ತಿಲ್ಲ ಅಂತ ಅರ್ಥ. ಮತ್ತೆ ದಿಬ್ಬ. ಕಂಪ್ಲೇಂಟ್ ಕೊಟ್ಟು ಮಂಗಗಳನ್ನೂ, ರಸ್ತೆ ಅಗೆಯುವ ಜೇಸಿಬಿಯನ್ನೂ ಬೈದೆ.

ಸಂಜೆ ಲೈನ್‌ಮನ್ ನೆನೆದುಕೊಂಡು ಬಂದ. ಹೊರಗೆಲ್ಲ ಸರಿ ಇದೆ ಅಂದ. ಒಳಗೆ ಬಂದು ಪೆಟ್ಟಿಗೆಗೆ ಬರುವ ಹಳದಿ ಫೈಬರ್ ವೈರಿನ ತುದಿಗೆ ಕೆಂಪು ಬೆಳಕಿನ ಪೆನ್ನು ಹಿಡಿದ. ಮಾರುದ್ದ ದಾಟಿ ಒಂದು ಕಡೆ ವೈರು ಕೆಂಡದ ಹಾಗೆ ಹೊಳೆಯಿತು. ಅಲ್ಲೊಂದು ಗಂಟು! ನೇತಾಡುತ್ತಿದ್ದ ವೈರನ್ನು ಅಮ್ಮ ಅಚ್ಚುಕಟ್ಟಾಗಿ ಸುತ್ತಿ, ಕರುವಿನ ಹಗ್ಗಕ್ಕೆ ಹಾಕುವಂಥ ಬಿಗಿ ಗಂಟು ಹಾಕಿದ್ದರು. ಗಾಜು ಒಡೆದಿರಲಿಲ್ಲ. ಆದರೆ ಅಷ್ಟು ಬಗ್ಗಿಸಿದರೆ ಬೆಳಕು ತಿರುವಿನಲ್ಲೇ ಹೊರಗೆ ಸೋರುತ್ತದೆ.

ಅವನು ಗಂಟು ಬಿಚ್ಚಿದ. ದೀಪ ಹಸಿರಾಯಿತು. ಅಮ್ಮ ಕಾಫಿ ಕೊಡುತ್ತಾ ಕೇಳಿದರು:

"ಬರೋಕೆ ಮುಂಚೆ ಒಂದು ಫೋನ್ ಮಾಡೋದಲ್ವಾ? ತಿಂಡಿ ಮಾಡಿಡ್ತಿದ್ದೆ."

"ಮಾಡಿದ್ದೆ ಅಮ್ಮಾ," ಅಂದ ಅವನು. "ಮೂರು ಸಲ."