ಅದು ನಮ್ಮ ಪೋರ್ಷನ್‌ನಲ್ಲಿ ಇಲ್ಲ

ಶನಿವಾರ ಮುಂಬಯಿಯ ಬೊರಿವಲಿಯಲ್ಲಿ, ಹಿಂದೆ ಬೌದ್ಧ ಭಿಕ್ಷುಗಳು ವಾಸವಾಗಿದ್ದ ಕಾನ್ಹೇರಿ ಗುಹೆಗಳನ್ನು ನೋಡಿ ಬಂದವಳ ಸಿಟ್ಟು ಇನ್ನೂ ಇಳಿದಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಊರಿನಿಂದ ಬಂದಿದ್ದ ನಾದಿನಿಯನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಯಾವುದೋ ಶಾಲೆಯ ಐದನೆಯ ತರಗತಿಯ ಮಕ್ಕಳು ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ವರ್ಕ್‌ಶೀಟ್ ಇತ್ತು: ಗುಹೆಗಳು ಯಾವ ಧರ್ಮದವು, ಎಷ್ಟಿವೆ, ಯಾವ ಶತಮಾನದವು, ಬಿಟ್ಟ ಸ್ಥಳ ತುಂಬಿರಿ. ಒಬ್ಬ ಹುಡುಗ ಮಾತ್ರ ಸಾಲು ಬಿಟ್ಟು, ಬಂಡೆಯಲ್ಲಿ ಕೊರೆದ ಕಿರುಗಾಲುವೆಯ ಗುಂಟ ಬೆರಳಾಡಿಸುತ್ತ ಹೋಗಿ, ಅದು ತೊಟ್ಟಿಯೊಂದನ್ನು ಸೇರುವುದನ್ನು ಕಂಡುಹಿಡಿದ. “ಟೀಚರ್, ಮಳೆ ನಿಂತ ಮೇಲೆ ಈ ನೀರು ಅವರಿಗೆ ಎಷ್ಟು ದಿನ ಸಾಲುತ್ತಿತ್ತು?” ಎಂದು ಕೇಳಿದ. ಉತ್ತರ ಬಂತು: “ಅದು ನಮ್ಮ ಪೋರ್ಷನ್‌ನಲ್ಲಿ ಇಲ್ಲ. ಬೇಕಿದ್ದರೆ ಮ್ಯಾಥ್ಸ್ ಟೀಚರನ್ನು ಕೇಳು. ಈಗ ಲೈನಿಗೆ ಬಾ.”

ಪುರಾತತ್ವದ ಇಡೀ ವಿದ್ಯೆ ಇರುವುದೇ ಅಂಥ ಪ್ರಶ್ನೆಯಲ್ಲಿ. ಅದನ್ನು ಆ ಮಗು ತಾನಾಗಿಯೇ ಕೇಳಿದಾಗ ‘ಇದು ಇತಿಹಾಸ, ಅದು ಗಣಿತ’ ಎಂದು ಗೋಡೆ ಕಟ್ಟಿದ್ದು ನಾವು. ಎರಡು ಸಾವಿರ ವರ್ಷಗಳ ಹಿಂದೆ ಆ ಬೆಟ್ಟವನ್ನು ಕೊರೆದವರು, ಇದು ವಿಜ್ಞಾನದ ಪೀರಿಯಡ್ಡು, ಇದು ಚಿತ್ರಕಲೆಯದು ಎಂದು ಗಂಟೆ ಬಾರಿಸಿ ಕೊರೆದರೇ?

ಆ ಪ್ರಶ್ನೆಗೆ ನಾನು ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಆಳದ ತೊಟ್ಟಿ ಎಂದಿಟ್ಟುಕೊಳ್ಳಿ. ತುಂಬಿದರೆ 12,000 ಲೀಟರ್. ಐವರು ಭಿಕ್ಷುಗಳು ತಲಾ 10 ಲೀಟರಿನಂತೆ ಬಳಸಿದರೆ 240 ದಿನ, ಎಂದರೆ ಮಳೆಯಿಲ್ಲದ ಎಂಟು ತಿಂಗಳು ಸರಿಯಾಗಿ ಸಾಲುತ್ತದೆ. ಬಿಸಿಲಿಗೆ ಆರಿಹೋಗುವ ನೀರನ್ನು ಯಾರು ಲೆಕ್ಕಕ್ಕೆ ಹಿಡಿಯಬೇಕು ಎಂದು ಮಕ್ಕಳೇ ಜಗಳ ತೆಗೆಯುತ್ತಾರೆ, ಅಲ್ಲಿಂದ ವಿಜ್ಞಾನ ತಾನಾಗಿ ಶುರುವಾಗುತ್ತದೆ. ಈ ನಗರಕ್ಕೆ ನೀರು ಕೊಡುವ ವಿಹಾರ್ ಮತ್ತು ತುಳಸಿ ಕೆರೆಗಳೂ ಅದೇ ಕಾಡಿನಲ್ಲಿವೆ ಎಂದು ನೆನಪಿಸಿದರೆ ಪರಿಸರ ಅಧ್ಯಯನದ ಒಂದು ಪಾಠವೂ ಮುಗಿದಂತೆಯೇ. ಇನ್ನು ಭಾಷೆ. ಅಲ್ಲಿ ಬ್ರಾಹ್ಮಿ ಬರಹಗಳಿವೆ. ತೊಂಬತ್ತನೆಯ ಗುಹೆಯಲ್ಲಿ 1009ರಲ್ಲಿ ಮತ್ತು 1021ರಲ್ಲಿ ಬಂದುಹೋದ ಪಾರಸಿಗಳು ತಮ್ಮ ಹೆಸರುಗಳನ್ನು ಹಳೆಯ ಇರಾನಿನ ಪಹ್ಲವಿ ಲಿಪಿಯಲ್ಲಿ ಕೆತ್ತಿದ್ದಾರೆ. (ಇಂದು ಅದನ್ನೇ ಮಾಡಿದರೆ ಕಾವಲುಗಾರ ದಂಡ ಹಾಕುತ್ತಾನೆ, ಹಾಕಲೇಬೇಕು, ಅದು ಬೇರೆ ಮಾತು.)

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ನನ್ನೊಡನೆ ದುಡಿದವರಿಗೆ ನೆನಪಿರಬಹುದು, ನಮ್ಮಲ್ಲಿ ಓದುತ್ತಿದ್ದವರಲ್ಲಿ ಅರ್ಧದಷ್ಟು ಮಕ್ಕಳು ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯವರು. ಸೇಡಂ ಕಡೆಯ ಒಬ್ಬ ಹುಡುಗಿಗೆ ಈ ಊರು ತನ್ನದಲ್ಲ ಎಂಬ ಕೊರಗು ಯಾವಾಗಲೂ ಇತ್ತು. ನಾನು ಅವಳಿಂದ ‘ಕವಿರಾಜಮಾರ್ಗ ಹುಟ್ಟಿದ್ದು ______ ಆಸ್ಥಾನದಲ್ಲಿ’ ಎಂಬ ಬಿಟ್ಟ ಸ್ಥಳವನ್ನು ತುಂಬಿಸಿದೆ. ಅಮೋಘವರ್ಷ ಎಂದು ಬರೆದಳು, ಒಂದು ಅಂಕ ಕೊಟ್ಟೆ. ಆ ರಾಜನ ರಾಜಧಾನಿ ಮಾನ್ಯಖೇಟ, ಅವಳ ಊರಿನ ಪಕ್ಕದ ಮಳಖೇಡ. ಅದೇ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಕಾನ್ಹೇರಿಯ ಬಂಡೆಯ ಮೇಲೆ ಇದೆ, ಶಾಲೆಯಿಂದ ಒಂದು ಬಸ್ಸಿನ ದೂರದಲ್ಲಿ. ನನಗೆ ಅದು ಗೊತ್ತಿತ್ತು. ಹೇಳಲಿಲ್ಲ. ಏಕೆಂದರೆ ಶಾಸನ ಇತಿಹಾಸದ ವಿಷಯ, ನಾನು ಕನ್ನಡದ ಟೀಚರು. ಶನಿವಾರ ಆ ಶಿಕ್ಷಕಿಯ ಮೇಲೆ ಉರಿದು ಬಿದ್ದಾಗ, ನಡುನಡುವೆ ನನ್ನದೇ ಧ್ವನಿ ಕೇಳಿದಂತಾಯಿತು.

ಶಿಕ್ಷಕರಿಗೆ ಸಮಯವೆಲ್ಲಿದೆ, ಚುನಾವಣೆಯ ಕೆಲಸ, ಗಣತಿಯ ಕೆಲಸ, ಅದರ ಮೇಲೆ ಪುರಾತತ್ವ ಎಂಬ ಇನ್ನೊಂದು ಹೊಸ ವಿಷಯವೇ ಎಂದು ನೀವು ಕೇಳುತ್ತೀರಿ. ಆ ಕೆಲಸಗಳನ್ನೆಲ್ಲ ನಾನೂ ಮಾಡಿದ್ದೇನೆ, ಆದ್ದರಿಂದ ಈ ನೆಪ ನನ್ನ ಮುಂದೆ ನಡೆಯುವುದಿಲ್ಲ. ನಾನು ಹೊಸ ವಿಷಯ ಕೇಳುತ್ತಿಲ್ಲ. ಹೇಗಿದ್ದರೂ ಕಲಿಸಬೇಕಾದ ಗುಣಾಕಾರವನ್ನು ಮಾವಿನಹಣ್ಣಿನ ಬೆಲೆಯ ಬದಲು ಒಮ್ಮೆ ತೊಟ್ಟಿಯ ನೀರಿನಿಂದ ಕಲಿಸಿ ಎನ್ನುತ್ತಿದ್ದೇನೆ, ಅಷ್ಟೆ. ಚಿಕ್ಕ ಮಕ್ಕಳಿಗೆ ತಿಳಿಯುವುದಿಲ್ಲ ಎನ್ನುವವರು ಮನೆಯ ಕಸದ ಬುಟ್ಟಿಯನ್ನು ಹಳೆಯ ಪೇಪರಿನ ಮೇಲೆ ನಿಧಾನವಾಗಿ ಬಿಡಿಸಿ ನೋಡಲಿ. ಮೇಲೆ ಇಂದಿನ ಚಹಾದ ಪುಡಿ, ನಡುವೆ ನಿನ್ನೆಯ ಬಟಾಣಿಯ ಸಿಪ್ಪೆ, ತಳದಲ್ಲಿ ಮೊನ್ನೆಯ ಮೊಟ್ಟೆಯ ಚಿಪ್ಪು. ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ಉತ್ಖನನದ ಮೊದಲ ಸೂತ್ರವನ್ನು ಏಳು ವರ್ಷದ ನನ್ನ ಮೊಮ್ಮಗ ಹತ್ತು ನಿಮಿಷದಲ್ಲಿ ತಾನೇ ಹೇಳಿದ. ನಾಯಿ ಬುಟ್ಟಿ ಉರುಳಿಸಿದರೆ ಏನಾಗುತ್ತದೆ ಎಂದು ಕೇಳಿದೆ. “ಆಗ ಮೊದಲು ಯಾವುದು ತಿಂದೆವು ಅಂತ ಗೊತ್ತಾಗೋದಿಲ್ಲ ಅಜ್ಜಿ” ಎಂದ. ಕಂಡಲ್ಲಿ ಅಗೆದು ವಿಗ್ರಹ ಒಯ್ಯುವವರು ಏನನ್ನು ಕೆಡಿಸುತ್ತಾರೆ ಎಂಬುದನ್ನು ಅವನಿಗೆ ಮತ್ತೆ ಬಿಡಿಸಿ ಹೇಳಬೇಕಾಗಲಿಲ್ಲ. ಸೊಸೆ ಮಾತ್ರ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಗಣಿತಕ್ಕೂ ಕಲೆಗೂ ಒಟ್ಟಿಗೆ ಸಲ್ಲುವ ಇನ್ನೊಂದು ಪಾಠವಿದೆ. ಉತ್ಖನನದಲ್ಲಿ ಮಡಕೆಯ ಬಾಯಂಚಿನ ಒಂದು ಚೂರು ಸಿಕ್ಕರೂ ಸಾಕು, ಒಂದರೊಳಗೊಂದು ವೃತ್ತಗಳನ್ನು ಬರೆದ ಹಾಳೆಯ ಮೇಲೆ ಅದನ್ನಿಟ್ಟು, ಯಾವ ವೃತ್ತಕ್ಕೆ ಹೊಂದುತ್ತದೆ ಎಂದು ನೋಡಿ, ಇಡೀ ಮಡಕೆಯ ಬಾಯಿ ಎಷ್ಟು ಅಗಲವಿತ್ತೆಂದು ಹೇಳುತ್ತಾರೆ. ಮಕ್ಕಳಿಗೆ ಮಡಕೆ ಬೇಡ, ಬಳೆಯ ಚೂರು ಸಾಕು. ಕೈವಾರದಿಂದ ವೃತ್ತ ಎಳೆದು, ಚೂರನ್ನಿಟ್ಟು, ಇದು ಅಮ್ಮನ ಬಳೆಯೇ, ತಂಗಿಯ ಬಳೆಯೇ ಎಂದು ಅವರೇ ತೀರ್ಮಾನ ಕೊಡಲಿ.

ಮೊಮ್ಮಗನ ಶಾಲೆಯಲ್ಲಿ ಒಂದು ಪೀರಿಯಡ್ಡು ಬೇಡಿದ್ದೇನೆ. ಇದು ಯಾವ ವಿಷಯದ ಲೆಕ್ಕಕ್ಕೆ ಬರುತ್ತದೆ ಎಂದು ಅವರು ಕೇಳಿದರು, ನನಗೆ ನಗು ಬಂತು. ಗಣಿತ ಎಂದು ಬರೆದುಕೊಳ್ಳಿ ಎಂದೆ. ಹಾಗಾಗಿ ನಿಮ್ಮಲ್ಲಿ ಒಂದು ಬೇಡಿಕೆ. ನಮ್ಮ ಕಟ್ಟಡದ ಮರಾಠಿ ಗೆಳತಿಯರು ಬಳೆ ಒಡೆಯಿತು ಎನ್ನುವುದಿಲ್ಲ, ‘ವಾಢಲಿ’ ಎನ್ನುತ್ತಾರೆ, ಬೆಳೆಯಿತು ಎಂದು. ನಿಮ್ಮ ಮನೆಯಲ್ಲಿ ಹಾಗೆ ಬೆಳೆದ ಗಾಜಿನ ಬಳೆಗಳಿದ್ದರೆ ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಡಿ. ಮಕ್ಕಳ ಕೈಗೆ ತಾಗದಂತೆ ತುದಿಗಳನ್ನು ನಾನೇ ಉಜ್ಜಿಕೊಳ್ಳುತ್ತೇನೆ. ಗೋರೆಗಾಂವ್‌ನಿಂದ ದಹಿಸರ್‌ವರೆಗೆ ಎಲ್ಲಿದ್ದರೂ ಸರಿ, ನಾನೇ ಬಂದು ಒಯ್ಯುತ್ತೇನೆ.