ಸ್ಪಷ್ಟನೆ: ಡೊಟೆಲ್ ದಾಖಲೆ ಈಗ ಅವರದ್ದಲ್ಲ

2025ರ ಏಪ್ರಿಲ್‌ನಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಸ್ಯಾಂಟೊ ಡೊಮಿಂಗೊದ ನೈಟ್‌ಕ್ಲಬ್ ಚಾವಣಿ ಕುಸಿದು ಮಾಜಿ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವ) ಒಕ್ಟಾವಿಯೊ ಡೊಟೆಲ್ ತೀರಿಕೊಂಡ ಮೇಲೆ ಒಂದು ಮಾತು ಹರಿದಾಡುತ್ತಿದೆ: "ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅತಿ ಹೆಚ್ಚು ತಂಡಗಳಿಗೆ ಆಡಿದ ಆಟಗಾರ ಇವರೇ. ಯಾರಿಗೂ ಬೇಡವಾಗಿ ಊರೂರು ಅಲೆದವರು."

ಮೊದಲ ಮಾತು ಹಳೆಯದು. 2012ರಲ್ಲಿ ಡೆಟ್ರಾಯಿಟ್ ಸೇರಿದಾಗ ಡೊಟೆಲ್‌ಗೆ ಅದು 13ನೇ ತಂಡ, ಆಗ ಅದು ದಾಖಲೆಯೇ. ಆದರೆ 2019ರಲ್ಲಿ ಟೊರೊಂಟೊ ಪರ ಆಡಿದ ಎಡ್ವಿನ್ ಜಾಕ್ಸನ್ 14ಕ್ಕೆ ಮುಟ್ಟಿದರು. ತಮಾಷೆ ನೋಡಿ, 2011ರಲ್ಲಿ ಇಬ್ಬರೂ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಂಡ ಒಂದೇ ವ್ಯವಹಾರದಲ್ಲಿ ಸೇಂಟ್ ಲೂಯಿಸ್‌ಗೆ ಬಂದು ಆ ವರ್ಷದ ವರ್ಲ್ಡ್ ಸೀರೀಸ್ (ಲೀಗ್‌ನ ಅಂತಿಮ ಸರಣಿ) ಗೆದ್ದಿದ್ದರು.

ಎರಡನೇ ಮಾತು ಸುಮ್ನೆ ತಪ್ಪು. ಡೊಟೆಲ್ ಹೆಚ್ಚಾಗಿ ರಿಲೀಫ್ ಪಿಚರ್, ಅಂದರೆ ಆಟದ ನಡುವೆ ಬಂದು ಒಂದೆರಡು ಇನಿಂಗ್ಸ್ ಎಸೆಯುವವ. ಪ್ರಶಸ್ತಿಯ ಹತ್ತಿರವಿರುವ ತಂಡಗಳು ಜುಲೈ ಹೊತ್ತಿಗೆ ಇಂಥವರನ್ನೇ ಹುಡುಕುತ್ತವೆ. ಬೇಡಿಕೆ ಇದ್ದದ್ದಕ್ಕೇ ಕೈ ಬದಲಾಗುವುದು, ಅಲ್ವಾ? 2010ರಲ್ಲಂತೂ ಡೊಟೆಲ್ ಮೂರು ತಂಡಗಳ ಜೆರ್ಸಿ ತೊಟ್ಟರು.

"ಒಂದೇ ಇನಿಂಗ್ಸ್‌ನಲ್ಲಿ ನಾಲ್ವರನ್ನು ಸ್ಟ್ರೈಕ್‌ಔಟ್ ಮಾಡಿದರಂತೆ, ಮೂರೇ ಔಟ್ ಇರುವಾಗ ಅದು ಹೇಗೆ?" ಎಂದು ನಗುವವರಿಗೆ: ಅದು ನಿಜ. ಬ್ಯಾಟರ್ ಮೂರು ಸ್ಟ್ರೈಕ್ ಪಡೆದರೆ, ಅಂದರೆ ಹೊಡೆಯಬೇಕಾದ ಚೆಂಡನ್ನು ಮೂರು ಸಲ ತಪ್ಪಿಸಿಕೊಂಡರೆ, ಅದು ಸ್ಟ್ರೈಕ್‌ಔಟ್. 2003ರ ಜೂನ್ 11ರಂದು ಹ್ಯೂಸ್ಟನ್‌ನ ಆರು ಪಿಚರ್‌ಗಳು ಸೇರಿ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟುವುದು) ಕೊಡಲಿಲ್ಲ. ಎಂಟನೇ ಇನಿಂಗ್ಸ್ ಡೊಟೆಲ್ ಅವರದ್ದು. ಮೂರನೇ ಸ್ಟ್ರೈಕ್‌ನ ಚೆಂಡು ಕ್ಯಾಚರ್ ಕೈತಪ್ಪಿದರೆ ಬ್ಯಾಟರ್ ಮೊದಲ ಬೇಸ್‌ಗೆ ಓಡಬಹುದು. ಓಡಿ ಮುಟ್ಟಿದರೆ ಔಟ್ ಇಲ್ಲ, ಆದರೂ ಪಿಚರ್ ಲೆಕ್ಕಕ್ಕೆ ಸ್ಟ್ರೈಕ್‌ಔಟ್ ಸೇರುತ್ತದೆ. ಅವತ್ತು ಆದದ್ದು ಅದೇ.