ನೋವಿಲ್ಲದ ಹಲ್ಲಿಗೆ ಯಾಕೆ ರೊಕ್ಕ?

ಈ ಸಲ ರಜೆಗೆ ಹುಬ್ಬಳ್ಳಿಗೆ ಬಂದಾಗ, ಜರ್ಮನಿಯಲ್ಲಿ ನಾನು ರೂಟ್ ಕೆನಾಲ್ (ಹಲ್ಲಿನ ಬೇರಿನ ಒಳಗನ್ನು ಸ್ವಚ್ಛ ಮಾಡಿ ತುಂಬುವ ಚಿಕಿತ್ಸೆ) ಮಾಡಿಸಿಕೊಂಡ ವಿಷಯ ಊಟದ ಹೊತ್ತಿಗೆ ಬಂತು. "ಭಾಳ ನೂಸ್ತಿತ್ತೇನೋ?" ಅಂತ ಕಾಕು ಕೇಳಿದರು. ನೋವೇ ಇರಲಿಲ್ಲ ಅಂದೆ. ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ನೋವ ಇಲ್ಲದ ಹಲ್ಲಿಗೆ ರೊಕ್ಕ ಹಾಕಿ ಬಂದಿಯೇನೋ ತಮ್ಮಾ? ಅವರು ಹೇಳಿದ್ರು, ನೀ ಬಾಯಿ ತಗದಿ!" ಎಲ್ಲರೂ ನಕ್ಕರು. ನನಗೆ ಮಾತ್ರ ಚುರುಕ್ ಅಂತು.

ಯಾಕಂದ್ರೆ ಊಟ ಆದಮೇಲೆ ಅದೇ ಕಾಕಾ ಹಿತ್ತಲ ನಳದ ಹತ್ತಿರ ಬಾಯಿ ಮುಕ್ಕಳಿಸಿ, ಕೆಳಗಿನ ದವಡೆಯ ವಸಡನ್ನು ಹೆಬ್ಬೆರಳಿನಿಂದ ಒತ್ತಿದರು. ಅಲ್ಲೊಂದು ಸಣ್ಣ ಗುಳ್ಳೆ. ಒತ್ತಿದರೆ ಒಂದು ಹನಿ ಕೀವು ಬರುತ್ತದೆ. ಉಗುಳಿ, ಮತ್ತೊಮ್ಮೆ ಮುಕ್ಕಳಿಸಿ, ಎಲೆ ಅಡಿಕೆ ಹಾಕಲು ಕೂತರು. ಎಷ್ಟೋ ವರ್ಷದಿಂದ ಹೀಗೇ ನಡೆದಿದೆಯಂತೆ. ಅವರಿಗೆ ಶುಗರ್ ಬೇರೆ ಇದೆ. ಕೇಳಿದರೆ, "ನೋವಿಲ್ಲ, ಬಿಡು."

ನಮ್ಮ ಕಡೆ ಹಲ್ಲಿನ ವಿಷಯದಲ್ಲಿ ನೋವೇ ಯಜಮಾನ. ನೋವು ಹೇಳಿದರೆ ಹೋಗಬೇಕು, ಹೇಳದಿದ್ದರೆ ಕೂರಬೇಕು. ಮೊದಲು ಲವಂಗ, ಆಮೇಲೆ ಔಷಧ ಅಂಗಡಿಯ ಗುಳಿಗಿ, ರಾತ್ರಿ ನಿದ್ದೆ ಕೆಟ್ಟ ಮೇಲಷ್ಟೇ ಡಾಕ್ಟರ್. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದ ಆಗುತ್ತದೆ ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ. ಹಲ್ಲು ಕೀಳುವುದಕ್ಕೂ ಕಣ್ಣಿನ ದೃಷ್ಟಿಗೂ ಸಂಬಂಧವೇ ಇಲ್ಲ. ಆದರೂ ಓದಿದವರ ಮನೆಯಲ್ಲೂ ಆ ಮಾತು ನಡೆಯುತ್ತದೆ.

ನಾನಿರುವ ಸ್ಟುಟ್‌ಗಾರ್ಟ್‌ನಲ್ಲಿ ಹಲ್ಲು ನೋಯಲಿ ಬಿಡಲಿ, ವರ್ಷಕ್ಕೊಮ್ಮೆ ತೋರಿಸುತ್ತಾರೆ. ಬೋನಸ್‌ಹೆಫ್ಟ್ ಅಂತ ಒಂದು ಪುಟ್ಟ ಪುಸ್ತಕ ಇರುತ್ತದೆ, ಹೋದಾಗಲೆಲ್ಲ ಅದರಲ್ಲಿ ಮುದ್ರೆ ಒತ್ತುತ್ತಾರೆ. ಮುಂದೆ ಕ್ಯಾಪ್ ಅಥವಾ ಬ್ರಿಜ್ ಹಾಕಿಸುವ ಪ್ರಸಂಗ ಬಂದರೆ ಸರ್ಕಾರಿ ವಿಮೆ ಸಾಮಾನ್ಯ ದರದ ಶೇ 60ರಷ್ಟು ಕೊಡುತ್ತದೆ. ಐದು ವರ್ಷ ತಪ್ಪದೆ ಮುದ್ರೆ ಇದ್ದರೆ ಶೇ 70, ಹತ್ತು ವರ್ಷ ಇದ್ದರೆ ಶೇ 75. 2020ರ ಅಕ್ಟೋಬರ್‌ನಿಂದ ಈ ಲೆಕ್ಕ. ತಪಾಸಣೆಗೆ ಹೋದವರಿಗೆ ಲಾಭ ಆಗುವ ಹಾಗೆ ಮಾಡಿಟ್ಟಿದ್ದಾರೆ. ಎಷ್ಟು ಒಳ್ಳೆಯ ಯೋಚನೆ ಅಲ್ವಾ?

ಹಾಗೆ ಹೋದಾಗಲೇ ನನ್ನ ಹಲ್ಲಿನದು ಗೊತ್ತಾಯಿತು. ಡಾಕ್ಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ ಎಕ್ಸ್‌ರೇ ತೋರಿಸಿದರು. ಬೇರಿನ ತುದಿಯಲ್ಲಿ ಒಂದು ಕಪ್ಪು ಕಲೆ. ಸೋಂಕಿನಿಂದ ಅಲ್ಲಿ ಎಲುಬು ಕರಗಿದೆ ಅಂದರು. ಮಂಜುಗಡ್ಡೆಯಷ್ಟು ತಣ್ಣಗಿನ ಹತ್ತಿಯನ್ನು ಹಲ್ಲಿಗೆ ಮುಟ್ಟಿಸಿದರು. ಪಕ್ಕದ ಹಲ್ಲು ಜುಮ್ಮೆಂದಿತು, ಈ ಹಲ್ಲಿಗೆ ಏನೂ ಗೊತ್ತಾಗಲಿಲ್ಲ. ಒಳಗಿನ ನರ ಯಾವಾಗಲೋ ಸತ್ತಿತ್ತು. ರೂಟ್ ಕೆನಾಲ್ ಮಾಡಿಸಬಹುದು, ಕೀಳಿಸಬಹುದು, ಏನೂ ಮಾಡದೆ ಇರಬಹುದು. ಮೂರಕ್ಕೂ ಏನಾಗಬಹುದು ಅಂತ ನಿಧಾನವಾಗಿ ಹೇಳಿ, ಯೋಚಿಸಿ ತಿಳಿಸಿ ಅಂದರು. ಸುಮ್ನೆ ಬಿಡುವುದು ಬೇಡ ಅನ್ನುವ ತಮ್ಮ ಅಭಿಪ್ರಾಯವನ್ನೂ ಮುಚ್ಚಿಡಲಿಲ್ಲ.

ಕಾಕಾನಿಗೆ ನಾನು ತಿಳಿಸಿ ಹೇಳಲು ನೋಡಿದ್ದು ಇದನ್ನೇ. ನೋವಿಲ್ಲ ಅಂದರೆ ರೋಗ ಇಲ್ಲ ಅಂತಲ್ಲ. ನೋವು ಹೇಳಬೇಕಾದ ನರವೇ ಸತ್ತಿರಬಹುದು. ಆಮೇಲೆ ನೋವು ಬರುವುದು ಕೀವು ಒಳಗೇ ಸಿಕ್ಕಿಕೊಂಡು ಒತ್ತಡ ಏರಿದಾಗ. ಕಾಕಾನ ವಸಡಿನ ಗುಳ್ಳೆ ಕೀವು ಹೊರಗೆ ಹರಿಯಲು ಮಾಡಿಕೊಂಡ ದಾರಿ. ದಾರಿ ತೆರೆದಿದೆ, ಅದಕ್ಕೆ ನೋವಿಲ್ಲ. ಅದು ಮುಚ್ಚಿಕೊಂಡ ದಿನ ಮುಖ ಊದಬಹುದು. ಗುಳಿಗಿ ನುಂಗಿದರೆ ಬಾವು ಇಳಿಯಬಹುದು. ಆದರೆ ಸತ್ತ ಹಲ್ಲಿನೊಳಗೆ ರಕ್ತವೇ ಹರಿಯುವುದಿಲ್ಲ, ಔಷಧಿ ಅಲ್ಲಿಗೆ ಮುಟ್ಟುವುದು ಹೇಗೆ? ಸೋಂಕಿನ ಮನೆ ಅಲ್ಲೇ ಉಳಿಯುತ್ತದೆ.

ಕೆಳಗಿನ ದವಡೆ ಹಲ್ಲಾದರೆ ಇನ್ನೂ ಹುಷಾರಾಗಿರಬೇಕು. ಅಲ್ಲಿನ ಸೋಂಕು ನಾಲಿಗೆಯ ಕೆಳಗೆ ಇಳಿದು, ಕುತ್ತಿಗೆ ಊದಿ, ಉಸಿರಿನ ದಾರಿಯನ್ನೇ ಒತ್ತಬಹುದು. ಇದಕ್ಕೆ ಲುಡ್ವಿಗ್ ಆಂಜೈನಾ ಅಂತ ಹೆಸರು. 1836ರಲ್ಲಿ ಇದನ್ನು ವಿವರಿಸಿ ಬರೆದ ವಿಲ್‌ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ ಸ್ಟುಟ್‌ಗಾರ್ಟ್‌ನವರೇ, ಅಲ್ಲಿನ ಅರಮನೆಯ ವೈದ್ಯರು. ಎಲ್ಲರಿಗೂ ಹೀಗಾಗುವುದಿಲ್ಲ, ಅಪರೂಪಕ್ಕೆ ಆಗುತ್ತದೆ. ಆದರೆ ಶುಗರ್ ಇದ್ದವರಲ್ಲಿ ಸೋಂಕು ಬೇಗ ಹರಡುತ್ತದೆ. ಹೃದಯದ ಕವಾಟ ಬದಲಿಸುವ ಆಪರೇಶನ್‌ಗೆ ಮುಂಚೆ ಹಲ್ಲು ತೋರಿಸಿಕೊಂಡು ಬನ್ನಿ ಅಂತ ಡಾಕ್ಟರು ಕಳಿಸುವುದು ಸುಮ್ನೆ ಅಲ್ಲ, ಬಾಯಿಯ ಸೋಂಕು ಅಲ್ಲಿಗೂ ಮುಟ್ಟಬಹುದು ಅಂತ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಹುಬ್ಬಳ್ಳಿ-ಧಾರವಾಡದವರಿಗೆ ಡಾಕ್ಟರು ದೂರ ಇಲ್ಲ. ಧಾರವಾಡದ ಹತ್ತಿರದ ಸತ್ತೂರಿನಲ್ಲಿ 1986ರಿಂದ ದಂತ ಕಾಲೇಜು ಇದೆ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಹತ್ತಿದರೆ ಆಯಿತು. ಓಣಿಗೊಂದು ಹಲ್ಲಿನ ದವಾಖಾನೆ ಇದೆ. ಸೋಫಾ ಬದಲಿಸಲು, ಗೃಹಪ್ರವೇಶಕ್ಕೆ ಊರೆಲ್ಲ ಕರೆಯಲು ರೊಕ್ಕ ಇರುತ್ತದೆ. ಒಂದು ಎಕ್ಸ್‌ರೇ ಅಂದರೆ "ಮುಂದ ನೋಡೂಣು."

ಹಾಗಂತ ಜರ್ಮನಿಯದೆಲ್ಲ ಚೊಕ್ಕ ಅಂತ ಹೇಳಲಾರೆ. ನನಗೆ ಸಮಯ ಸಿಗಲು ಜಾಸ್ತಿ ದಿನ ಕಾಯಬೇಕಾಯಿತು. ಹಿಂದಿನ ದವಡೆ ಹಲ್ಲಿನ ರೂಟ್ ಕೆನಾಲ್‌ಗೆ ಎಲ್ಲ ಸಲವೂ ವಿಮೆ ಹಣ ಕೊಡುವುದಿಲ್ಲ, ಷರತ್ತುಗಳಿವೆ. ಪರಿಣತರ ಹತ್ತಿರ ಹೋದರೆ ನೂರಾರು ಯೂರೋ ಕೈಯಿಂದ ಹೋಗುತ್ತದೆ. ಹುಬ್ಬಳ್ಳಿಯಲ್ಲಾದರೆ ಬೆಳಿಗ್ಗೆ ಫೋನ್ ಮಾಡಿ ಸಂಜೆ ಕುರ್ಚಿಯಲ್ಲಿ ಕೂತಿರಬಹುದು. ಆ ಸೌಲಭ್ಯ ನನಗೆ ಅಲ್ಲಿ ಇಲ್ಲ.

ಕಾಕಾನ ಅನುಮಾನವನ್ನೂ ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಡಾಕ್ಟರು ಹೇಳಿದ್ದಕ್ಕೆಲ್ಲ ಬಾಯಿ ತೆರೆದು ಜನ ಕೆಟ್ಟದ್ದೂ ಇದೆ. 1910ರಲ್ಲಿ ವಿಲಿಯಂ ಹಂಟರ್ ಎಂಬ ಇಂಗ್ಲೆಂಡಿನ ವೈದ್ಯರು ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಮೈಯ ಹಲವು ರೋಗಗಳಿಗೆ ಬಾಯಿಯ ಸೋಂಕೇ ಮೂಲ ಅಂದರು. ಆ ನಂಬಿಕೆ ಹಬ್ಬಿ, ಕೀಲುನೋವಿಗೂ ಹಲ್ಲು ಕಿತ್ತರು. ಗಟ್ಟಿ ಹಲ್ಲುಗಳೂ ಹೋದವು, ಕೀಲುನೋವು ಉಳಿಯಿತು. ಈಗಲೂ ಕಲೆ ಕಂಡಾಗಲೆಲ್ಲ ಕೈ ಹಾಕಲೇಬೇಕು ಅಂತಿಲ್ಲ. ಹಿಂದೆ ರೂಟ್ ಕೆನಾಲ್ ಆದ ಹಲ್ಲಿನ ಬುಡದಲ್ಲಿ ಎಕ್ಸ್‌ರೇಯಲ್ಲಿ ಸಣ್ಣ ಕಪ್ಪು ಕಲೆ ಕಂಡರೆ, ಅದು ಇನ್ನೂ ಮಾಯುತ್ತಿರಬಹುದು. ಎಲುಬು ತುಂಬಿಕೊಳ್ಳಲು ಒಂದು ವರ್ಷ ಬೇಕು, ಕೆಲವೊಮ್ಮೆ ನಾಲ್ಕು ವರ್ಷವೂ ಹಿಡಿಯುತ್ತದೆ. ಆಗ ಹಳೆಯ ಎಕ್ಸ್‌ರೇ ಜೊತೆ ಹೊಸದನ್ನು ಇಟ್ಟು ನೋಡುತ್ತ ಕಾಯುವುದು ಸರಿಯಾದ ದಾರಿಯೇ. ಆದರೆ ಅದು ನೋಡುತ್ತ ಕಾಯುವುದು, ಮರೆತು ಕೂರುವುದಲ್ಲ.

ರೂಟ್ ಕೆನಾಲ್, ಅದರ ಮೇಲೆ ಕ್ಯಾಪ್ ಅಂದರೆ ಎಲ್ಲರ ಕೈಗೂ ಎಟುಕುವ ಖರ್ಚಲ್ಲ, ಗೊತ್ತು. ಅಂಥವರಿಗೆ ಹಲ್ಲು ಕೀಳಿಸುವುದೂ ಚಿಕಿತ್ಸೆಯೇ, ಅದರಲ್ಲಿ ನಾಚಿಕೆಯೇನಿಲ್ಲ. ಸೋಂಕಿನ ಮೂಲ ಹೋಗುತ್ತದೆ. ಕೀಳಿಸುವ ಮುಂಚೆ ಶುಗರ್ ಎಷ್ಟಿದೆ ನೋಡಿಸಿ, ರಕ್ತ ತೆಳು ಮಾಡುವ ಗುಳಿಗಿ ತಗೊಳ್ಳುತ್ತಿದ್ದರೆ ಹೇಳಿ. ಖಾಲಿ ಜಾಗ ಹಾಗೇ ಬಿಟ್ಟರೆ ಪಕ್ಕದ ಹಲ್ಲು ವಾಲುತ್ತದೆಯೇ, ಅಲ್ಲಿಗೆ ಏನಾದರೂ ಕೂರಿಸಬೇಕೇ ಅನ್ನುವುದನ್ನೂ ಅದೇ ದಿನ ಡಾಕ್ಟರನ್ನು ಕೇಳಿಕೊಂಡು ಬನ್ನಿ.